ಕತ್ತರಿಸಿದ ತುದಿ

ನಮ್ಮ ಸಾಹೇಬರಿಗೆ ಕಚೇರಿಯಲ್ಲಿ ಅನಂತಪ್ಪ ಎಂಬ ಅಡ್ಡಹೆಸರು. ಯಾವ ಪೈಪನ್ನಾದರೂ ಕೊನೆಯೇ ಇಲ್ಲದ್ದು ಎಂದುಕೊಂಡು ಲೆಕ್ಕ ಹಾಕುತ್ತಾರೆ. ಅವರ ಮಾತಿಗೂ ಕೊನೆಯಿಲ್ಲ. ಬೆಟ್ಟ ದಾಟಿ ನೀರು ಒಯ್ಯುವ ಹೊಸ ಪೈಪಿಗೂ ಅದೇ ಲೆಕ್ಕ. ಒಂದು ತುಂಡು ಅದುರಿದರೆ ಅಕ್ಕಪಕ್ಕದ ತುಂಡುಗಳಷ್ಟೇ ಅದುರುತ್ತವೆ, ನೀರಿನ ಏಟು ಹಾಗೇ ತುಂಡಿನಿಂದ ತುಂಡಿಗೆ ದಾಟುತ್ತಾ ದೂರ ಹೋಗಿಬಿಡುತ್ತದೆ, ವಾಪಸು ಬರುವುದಿಲ್ಲ. ಕಾಗದದ ಮೇಲೆ ಯಾರ ಕೂದಲೂ ಕೊಂಕದು. ಆ ಪೈಪಿಗೆ ಬೆಸುಗೆ ಹಾಕುವವನು ನನ್ನ ತಮ್ಮ.

ಕಂಪ್ಯೂಟರಿಗೆ ಮಾತ್ರ ಅನಂತ ಎಂದರೆ ತಲೆಗೆ ಹತ್ತುವುದಿಲ್ಲ. ಲೆಕ್ಕದ ಪೈಪನ್ನು ಎಲ್ಲಾದರೂ ಕತ್ತರಿಸಿ ಕೊಡಬೇಕು, ಅದು ನನ್ನ ಕೆಲಸ. ಕತ್ತರಿಸಿದ ತುದಿಯಲ್ಲಿ ಅಂಕಿಗಳು ಒಂದಿಷ್ಟು ಕುಣಿಯುವುದು ಮಾಮೂಲಿ. ಇನ್ನೂ ಉದ್ದಕ್ಕೆ ಕತ್ತರಿಸಿದರೆ ತಣ್ಣಗಾಗಬೇಕು. ಈ ಬಾರಿ ಉದ್ದ ಹೆಚ್ಚಿಸಿದಷ್ಟೂ ತುದಿಯ ಒತ್ತಡ ಇಳಿದಿಳಿದು ಮೊದಲಿಗಿಂತ ಮೇಲೆ ಏರುತ್ತಲೇ ಹೋಯಿತು.

ಸಾಹೇಬರು ಚಹಾ ಹೀರುತ್ತಾ ಪರದೆ ನೋಡಿದರು. ಅದು ಪೈಪಿನ ತಪ್ಪಲ್ಲ, ನನ್ನ ಕತ್ತರಿಯ ತಪ್ಪಂತೆ. ನಿಜವಾದ ಪೈಪಿಗೆ ಅಂಥ ತುದಿಯೇ ಇಲ್ಲವಂತೆ. ಪಂಪಿನ ಪರೀಕ್ಷೆ ಬೆಳಗ್ಗೆಯೇ ಶುರುವಾಗಿದೆ, ಸುಮ್ಮನೆ ತಲೆಗೆ ಹುಳ ಬಿಡಬೇಡ ಎಂದರು.

"ಸಾರ್, ಪೈಪು ಇನ್ನೂ ಮುಗಿದಿಲ್ಲ. ಬೆಟ್ಟದ ಆಚೆ ಅರ್ಧಕ್ಕೇ ಮುಚ್ಚಳ ಹಾಕಿ ನಿಲ್ಲಿಸಿದಾರೆ. ಇವತ್ತು ಅದಕ್ಕೆ ತುದಿ ಇದೆ, ಏಟು ಅಲ್ಲಿ ಬಡಿದು ವಾಪಸು ಬರುತ್ತೆ. ಅಲ್ಲಿ ನನ್ನ ತಮ್ಮ ಇದಾನೆ."

ಅವರ ಲೋಟ ಬಾಯಿಯ ಹತ್ತಿರವೇ ನಿಂತಿತು. ಪಂಪಿನ ಮನೆಗೆ ಫೋನು ಹಚ್ಚಿದರು. ಪಂಪಿನ ಗದ್ದಲದಲ್ಲಿ ಅಲ್ಲಿ ಯಾರಿಗೂ ಫೋನು ಕೇಳಿಸುತ್ತಿರಲಿಲ್ಲ. ನಾನು ತಮ್ಮನಿಗೆ ಹಚ್ಚಿದೆ. ಅವನು ಊಟ ಮುಗಿಸಿ ಮುಚ್ಚಳಕ್ಕೇ ಒರಗಿ ಕುಳಿತಿದ್ದ.

"ಬೆನ್ನಿಗೆ ತಣ್ಣಗಿದೆ ಅಕ್ಕಾ. ಆದ್ರೆ ಆಗ್ಲಿಂದ ಒಳಗೆ ಗುಂಯ್ ಅಂತಿದೆ."

"ಎದ್ದು ಓಡು. ದೂರ ಓಡು."

ನನ್ನ ದನಿಯಲ್ಲೇ ಅವನಿಗೆ ಅರ್ಥವಾಯಿತು. "ಇವರೆಲ್ಲ ಇಲ್ಲೇ ನೆರಳಿಗೆ ಮಲಗಿದಾರೆ. ಎಬ್ಬಿಸಿ ಬರ್ತೀನಿ, ಇರು."

ಫೋನನ್ನು ಪೈಪಿನ ಮೇಲೇ ಇಟ್ಟಿರಬೇಕು. ಗುಂಯ್ ಎನ್ನುವುದು ಏರಿತು, ಇಳಿಯಿತು, ಮತ್ತೆ ಮೊದಲಿಗಿಂತ ಜೋರಾಗಿ ಏರಿತು. ಪರದೆಯ ಮೇಲೆ ಅಂಕಿಗಳು ಏರಿದ್ದೂ ಹೀಗೆಯೇ. ಅದರ ನಡುವೆ ಅವನು ಒಬ್ಬೊಬ್ಬರನ್ನೇ ಕರೆದು ಎಬ್ಬಿಸುವುದು ಕೇಳುತ್ತಿತ್ತು. ಆಮೇಲೆ ಗುಂಯ್ ಎನ್ನುವುದೊಂದೇ ಕೇಳುತ್ತಿತ್ತು.