ಅಜ್ಜ ಬರುವತನಕ ತುತ್ತಿಲ್ಲ

ಹಚ್ಚೊಳ್ಳಿಯ ಮರಿಬಸಪ್ಪನ ಮನೆಯಲ್ಲಿ ಕೂಸಿನ ಬಾಯಿಗೆ ಮೊದಲ ತುತ್ತು ಇಡುವುದು ಮನೆಯ ಹಿರಿಯನ ಹಕ್ಕು. ತಾಯಿ ಹೆತ್ತಿರಬಹುದು, ನಿದ್ದೆಗೆಟ್ಟು ಹಾಲು ಕುಡಿಸಿರಬಹುದು, ಆ ತುತ್ತು ಮಾತ್ರ ಹಿರಿಯನದು. ಅಕ್ಕಿಯೂ ಸ್ವಂತ ಗದ್ದೆಯದೇ ಆಗಬೇಕು. ಇರಲಿ, ಇದಕ್ಕೆ ಯಾರೂ ಅಡ್ಡ ಮಾತಾಡಿದವರಲ್ಲ. ತಕರಾರು ಹುಟ್ಟಿದ್ದು, ಯಾವಾಗ ಎನ್ನುವುದರಲ್ಲಿ.

ಮರಿಬಸಪ್ಪನ ಎದೆಯ ಆಪರೇಷನ್ನಿಗೆ ಬಳ್ಳಾರಿಯ ಡಾಕ್ಟರು ಸೋಮವಾರ ಗೊತ್ತು ಮಾಡಿದ್ದರು. ಕಾಲುವೆ ನೀರಿಗಾಗಿ ಅರ್ಧ ಊರನ್ನೇ ಎದುರು ಹಾಕಿಕೊಂಡಿದ್ದ ಮನುಷ್ಯ ಈಗ ಹೆದರಿ ಹಣ್ಣಾಗಿದ್ದ. ಹೆದರಿಕೆ ಅಂತ ಬಾಯಿಬಿಟ್ಟು ಹೇಳಿಯಾನೇ? ಅದರ ಬದಲು, "ಹೋಗೂದ್ರಾಗ ಮೊಮ್ಮಗಳ ಬಾಯಿಗೆ ನಾಕು ಅಗಳು ಇಟ್ಟು ಹೋಗ್ತೀನಿ" ಎಂದು ಹಟ ಹಿಡಿದ.

ಕೂಸಿಗೆ ನಾಲ್ಕು ತಿಂಗಳು ತುಂಬಿ ಐದರಲ್ಲಿ ಬಿದ್ದಿತ್ತು. "ಹೆಣ್ಣುಕೂಸಿಗೆ ಬೆಸ ತಿಂಗಳದಾಗ ಉಣಿಸೂದು ನಮ್ಮ ರೂಢಿ. ಐದು ಬೆಸ ಹೌದಲ್ಲ? ಮತ್ತೇನು?" ಎಂದಳು ಅವನ ಹೆಂಡತಿ ಚನ್ನವೀರಮ್ಮ. ಮಗ ವೀರೇಶ್ ಅಪ್ಪನ ಮುಖ ನೋಡಲಾರದೆ ತನ್ನ ಹೆಂಡತಿ ಅಕ್ಷತಾಳ ಹತ್ತಿರ ಬಂದು ಪಿಸುಗುಟ್ಟಿದ: "ನಾಲಗಿಗಿ ಮುಟ್ಟಿಸಿದ್ರ ಏನಾಕ್ಕತಿ? ಅಪ್ಪಗ ಸಮಾಧಾನ ಆದ್ರ ಸಾಕು."

ಕುರುಗೋಡಿನಿಂದ ಬಂದ ಸೊಸೆ ಅಕ್ಷತಾಗೆ ಮಾವ ಎಂದರೆ ಜೀವ. ಆದರೆ ಸಿರುಗುಪ್ಪದ ಡಾಕ್ಟರಮ್ಮ, ಆರು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದರು. ಕೂಸು ಇನ್ನೂ ಆನಿಸಿ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿತ್ತು. ಬಾಯಿಗೆ ಏನು ಸೋಕಿದರೂ ನಾಲಗೆಯಿಂದ ಹೊರಗೆ ದಬ್ಬುತ್ತಿತ್ತು. ಅಗಳು ಗಂಟಲಿಗೆ ಸಿಕ್ಕರೆ? ಬೇಡ ಅಂದು ಕಳಿಸಿ, ಮಾವ ತಿರುಗಿ ಬರದೇ ಹೋದರೆ? ಆ ಪಾಪವನ್ನು ಯಾವ ಹೊಳೆಯಲ್ಲಿ ತೊಳೆಯುವುದು?

ಭಾನುವಾರ ಬೆಳ್ಳಿ ಬಟ್ಟಲಲ್ಲಿ ಪಾಯಸ ಬಂತು. ಮರಿಬಸಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದ. ಅಕ್ಷತಾ ಕೂಸನ್ನು ಅವನ ತೊಡೆಯ ಮೇಲಿಟ್ಟು, ಬಟ್ಟಲನ್ನು ಮಾತ್ರ ತಾನೇ ಹಿಡಿದುಕೊಂಡಳು.

"ಮಾವಾರ, ಇವತ್ತು ಬ್ಯಾಡ್ರಿ. ಬಳ್ಳಾರಿಯಿಂದ ಬಂದು ಉಣಿಸ್ರಿ. ನೀವು ಬರಾತನಕ ಯಾರ ಕೈಯಿಂದಾನೂ ಇಕಿ ಬಾಯಿಗೆ ಒಂದು ಅಗಳೂ ಹೋಗಂಗಿಲ್ಲ. ನನ್ನ ಕೈಯಿಂದಾನೂ ಇಲ್ಲ."

"ನಾ ಬರ್ಲಿಲ್ಲ ಅಂದ್ರ?"

"ಮೊಮ್ಮಗಳು ಉಪಾಸ. ನಿಮಗ ಬಿಟ್ಟಿದ್ದು ನೋಡ್ರಿ."

"ಶಿವಶಿವಾ! ಹೊಂಟ ಮನಿಷ್ಯಾಗ ಹಿಂಗ ಅಂತಾರೇನ?" ಎಂದು ಚನ್ನವೀರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಮರಿಬಸಪ್ಪ ಸೊಸೆಯನ್ನು ದುರುಗುಟ್ಟಿ ನೋಡಿದವನು ಮೀಸೆಯಡಿಯಲ್ಲೇ ನಕ್ಕುಬಿಟ್ಟ. "ಭಾರಿ ಗಟ್ಟಿ ಅದಾಳ ಬಿಡು ಇಕಿ. ಆತು, ಬರ್ತೀನಿ" ಎಂದು ಕೂಸನ್ನು ತಿರುಗಿ ಕೊಟ್ಟ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಗಾಯ ಬೇಗ ಮಾಯಲಿಲ್ಲ. ಪಟ್ಟಿ ಕಟ್ಟಿಸಿಕೊಳ್ಳಲು ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಮರಿಬಸಪ್ಪ, ಚನ್ನವೀರಮ್ಮ ಇಬ್ಬರೂ ಬಳ್ಳಾರಿಯಲ್ಲೇ, ಅವನ ತಂಗಿಯ ಮಗ ವಿಜಯಕುಮಾರನ ಮನೆಯಲ್ಲಿ ಉಳಿದರು. ಇತ್ತ ಕೂಸಿಗೆ ಆರು ತುಂಬಿತು. ದಿಂಬಿಗೆ ಆನಿಸಿದರೆ ಗಟ್ಟಿಯಾಗಿ ಕೂರುತ್ತಿತ್ತು. ಯಾರಾದರೂ ಉಣ್ಣಲು ಕುಳಿತರೆ ಸಾಕು, ಅವರ ಕೈಯನ್ನೇ ನೋಡುತ್ತ ಬಾಯಿ ಚಪ್ಪರಿಸುತ್ತಿತ್ತು. "ಈಗ ಶುರು ಮಾಡಮ್ಮ, ತಡ ಬೇಡ. ಬರೀ ಹಾಲು ಇನ್ನು ಸಾಲೋದಿಲ್ಲ" ಎಂದರು ಡಾಕ್ಟರಮ್ಮ.

ಅಯ್ಯೋ, ಕೊಟ್ಟ ಮಾತು ಈಗ ಅವಳ ಕುತ್ತಿಗೆಗೇ ಬಂತು! ಅದರ ಮೇಲೆ ಅತ್ತೆಯ ಫೋನು: "ನಿಮ್ಮ ಮಾವ ತಾಟು ದಬ್ಬಿ ಮಕ್ಕೊಂತಾರವ್ವಾ. ಉಪ್ಪಿಲ್ಲದ ಊಟ ಯಾವನು ಉಣ್ತಾನ ಅಂತಾರ. ದಿನಾ ಇಳದು ಹೊಂಟಾರ." ಅಕ್ಷತಾ ಒಲೆಯ ಮುಂದೆ ಕುಳಿತು ಸಾಕಾಗುವಷ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. ಮಾವ ಬರಲಾಗದಿದ್ದರೆ ಕೂಸೇ ಹೋಗಲಿ, ಅದಕ್ಕೇನಂತೆ! ತಮ್ಮ ಗದ್ದೆಯ ಹಳೇ ಅಕ್ಕಿಗೆ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ನುಣ್ಣಗೆ ಮಿದ್ದು, ತುಪ್ಪ ಬಿಟ್ಟು ಡಬ್ಬಿಗೆ ತುಂಬಿ, ಗಂಡನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು.

ದಿಂಬಿಗೊರಗಿದ್ದ ಮರಿಬಸಪ್ಪ ಅರ್ಧ ಆಗಿಹೋಗಿದ್ದ. ಕೂಸನ್ನು ನೋಡಿ ಅವನ ಕಣ್ಣು ತುಂಬಿದವು. ಚನ್ನವೀರಮ್ಮ ಬೆರಳು ಮಡಚಿ ಎಣಿಸಿ, "ಆರು ತುಂಬಿ ಏಳರಾಗ ಐತಿ. ಇದೂ ಬೆಸಾನ. ಉಣಿಸ್ರಿ" ಎಂದಳು.

ಮೊದಲ ತುತ್ತು ಅರ್ಧ ಗದ್ದದ ಮೇಲೆ ಇಳಿಯಿತು. ಎರಡನೆಯದಕ್ಕೆ ಕೂಸು ತುಟಿ ಮುಚ್ಚಿ, ಹುಬ್ಬು ಗಂಟಿಕ್ಕಿ, ನುಂಗಿಯೇ ನುಂಗಿತು. ಅಕ್ಷತಾಗೆ ಆಗ ಉಸಿರು ಬಂತು. ಮರಿಬಸಪ್ಪ ಬೆರಳಿಗಂಟಿದ್ದನ್ನು ನೆಕ್ಕಿ ಮುಖ ಕಿವಿಚಿದ.

"ಯವ್ವಾ, ಉಪ್ಪ ಹಾಕಾಕ ಮರ್ತೀಯೇನ?"

"ಮರ್ತಿಲ್ರಿ ಮಾವಾರ. ವರ್ಷ ತುಂಬಾತನಕ ಕೂಸಿಗೆ ಉಪ್ಪು ಬ್ಯಾಡ ಅಂದಾರ."

ಅಷ್ಟರಲ್ಲಿ ಕೂಸು ಮುಂದಿನ ತುತ್ತಿಗೆ ಇಷ್ಟಗಲ ಬಾಯಿ ತೆರೆದು ಕಾಲು ಬಡಿಯತೊಡಗಿತು. ಮುದುಕ ಅದನ್ನೇ ನೋಡಿದ. ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

"ಏ ಇಕಿನ, ನನ್ನ ತಾಟು ತಾರಲೇ" ಎಂದು ಹೆಂಡತಿಯನ್ನು ಕೂಗಿದ. "ಅಜ್ಜ-ಮೊಮ್ಮಗಳು ಕೂಡೇ ಉಣ್ತೀವಿ."