ದೇವರ ಹೊಲದ ಮೂಲೆ

ಹೊಳೆವ್ವನನ್ನು ಕಳ್ಳಿ ಎಂದವರು ಹಾದಿಹೋಕರಲ್ಲ, ನಮ್ಮ ಕ್ರೈಸ್ತ ಸಭೆಯವರು. ಅದೂ ಸುಗ್ಗಿ ಹಬ್ಬದ ಹಿಂದಿನ ದಿನ, ದೇವರ ಹೊಲದಲ್ಲಿ ನಿಂತು.

ನಮ್ಮ ಹಳೆಯ ಊರು ಬೀಳಗಿ ತಾಲೂಕಿನಲ್ಲಿ ಹೊಳೆಯ ದಂಡೆಗಿತ್ತು. ಆಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿದಾಗ ಎಲ್ಲ ಜಾತಿಯವರೂ ಸರಕಾರ ತೋರಿಸಿದ ಎತ್ತರದ ಜಾಗಕ್ಕೆ ಬಂದೆವು. ಕುರುಬರು ತಮ್ಮ ಬೀರೇಶ್ವರನನ್ನು ಕರೆತಂದರು. ನಾವು ಕ್ರೈಸ್ತರು ನಮ್ಮ ಗುಡಿಯ ಗಂಟೆ, ಬಾಗಿಲು, ತೊಲೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದೆವು. ಚರ್ಚಿಗೆ ನಾವು ಮೊದಲಿನಿಂದಲೂ ಗುಡಿ ಎಂದೇ ಅನ್ನುತ್ತೇವೆ. ಗುಡಿಯ ಖರ್ಚಿಗೆಂದು ಇರುವ ಹೊಲ ದೇವರ ಹೊಲ; ಎತ್ತರದಲ್ಲಿದ್ದುದರಿಂದ ಅದು ನೀರಿಗೆ ಸಿಗದೆ ಉಳಿದಿತ್ತು. ಸುತ್ತಲೆಲ್ಲ ಕಬ್ಬಾಗಿ ಹೋಗಿದ್ದರೂ ಅದರಲ್ಲಿ ಈಗಲೂ ಬಿಳಿಜೋಳವೇ.

ಆ ಹೊಲಕ್ಕೊಂದು ಪದ್ಧತಿ ಇತ್ತು. ಕೊಯ್ಲಿನಲ್ಲಿ ದಾರಿ ಕಡೆಯ ಮೂಲೆಯನ್ನು ಮುಟ್ಟುತ್ತಿರಲಿಲ್ಲ. ಇಲ್ಲದವರು ಬಂದು ಅಲ್ಲಿಯ ತೆನೆ ಕೊಯ್ದುಕೊಂಡು ಹೋಗುತ್ತಿದ್ದರು. ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ಕೊಯ್ಯುವಾಗ ನಾವು ಆ ದಾರಿ ಬಿಟ್ಟು ಬಳಸಿ ಹೋಗಬೇಕು, ನಿಂತು ನೋಡಬಾರದು ಎಂದು ನನ್ನಪ್ಪ ಕಲಿಸಿದ್ದ. ಕುರುಬರ ಹೊಳೆವ್ವನ ಅತ್ತೆಯೂ ಆ ಮೂಲೆಯಲ್ಲಿ ಕೊಯ್ದವಳೇ. ಈಗ ಆ ಮುದುಕಿಗೆ ಕಣ್ಣು ಕಾಣದು. ಗಂಡ ತೀರಿಕೊಂಡ ಮೇಲೆ, ಕುರಿಗಳೂ ರೋಗಕ್ಕೆ ಹೋದ ಮೇಲೆ, ಹೊಳೆವ್ವ ಕೂಲಿ ಮಾಡಿ ಅತ್ತೆಯನ್ನು ಸಾಕುತ್ತಿದ್ದಳು. ಸುಗ್ಗಿಗೆ ಮಾತ್ರ ಕುಡಗೋಲು ಹಿಡಿದು ಮೂಲೆಗೆ ಬರುತ್ತಿದ್ದಳು.

ಆ ಶನಿವಾರ ನಾನು ಗುಡಿಗೆ ಹೊರಟಿದ್ದೆ. ಹೊಲದಲ್ಲಿ ಗದ್ದಲ ಕೇಳಿ ಆ ಕಡೆ ತಿರುಗಿದೆ. ಸಭೆಯ ಕಾರ್ಯದರ್ಶಿ ಸತ್ಯಮಿತ್ರ ಹೊಳೆವ್ವನ ಕುಡಗೋಲು ಕಸಿದುಕೊಂಡು ನಿಂತಿದ್ದ. ಇವನು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇಟ್ಟವನು, ಕೈ ಬಿಚ್ಚಿ ಕೊಡುವವನು. ಗುಡಿಯ ಫ್ಯಾನು, ಬಣ್ಣ ಎಲ್ಲ ಅವನದೇ. ಫ್ಯಾನಿನ ಮೇಲೆ ಅವನ ಹೆಸರೂ ಇದೆ.

"ಮೂಲಿ ಖಾಲಿ ಇತ್ತೋ ತಮ್ಮಾ," ಎನ್ನುತ್ತಿದ್ದಳು ಹೊಳೆವ್ವ. "ಊರ ಬದಲಾತು, ಗುಡಿ ಬದಲಾತು. ಈ ಸಲ ಮೂಲೀನೂ ಬದಲ ಮಾಡ್ಯಾರ ಅಂದ್ಕೊಂಡೆ. ಅದಕ್ಕ ಈ ಕಡಿ ನಿಂತಿದ್ದು ಕೊಯ್ದೆ."

"ಮೂಲಿ ಬದಲಾಗೈತಿ ಅಂತ ನಿನ್ನ ಬೀರಪ್ಪ ಬಂದು ಹೇಳಿದ್ನೇನು? ಕಳ್ಳಿ! ಬೀಳಗಿ ಸ್ಟೇಷನ್ನಿಗೆ ನಡಿ, ಅಲ್ಲಿ ಹೇಳ್ವಂತಿ."

ಅವನ ದನಿ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಜನ ಕೂಡತೊಡಗಿದರು. ನಾನು ನಡುವೆ ಹೋಗಿ, "ಸತ್ಯಾ, ಮೂಲಿ ಯಾಕ ಖಾಲಿ ಐತೋ?" ಎಂದು ಕೇಳಿದೆ.

"ಅಲ್ಲಿ ತೆನಿ ಭಾರಿ ಛಲೋ ಬಂದಿದ್ದವು ಕಾಕಾ. ನಾಳಿ ಹಬ್ಬಕ್ಕಂತ ಗುಡಿ ಕಂಬಕ್ಕ ಕಟ್ಟಿಸೇನಿ. ಮುಧೋಳದಿಂದ ಪಾಸ್ಟರ್ ಬರ್ತಾರ. ದೇವರಿಗೆ ಛಲೋದು ಕೊಡಬೇಕಲ್ಲ?"

"ಅದು ದೇವರ ಪಾಲಲ್ಲೋ."

"ದೇವರ ಹೊಲದಾಗ ಬೆಳದದ್ದು ದೇವರದಲ್ದ ಮತ್ಯಾರದು? ಏನ್ ಮಾತಾಡ್ತೀರಿ ಕಾಕಾ!" ಸುತ್ತಲಿದ್ದವರು ನಕ್ಕರು, ನಾನು ಹಿಂದೆ ಸರಿದೆ. ಹಬ್ಬದ ಹೊತ್ತಿನಲ್ಲಿ ಜಗಳ ಬೇಡವೆಂದು ಯಾರೋ ಅಂದ ಮೇಲೆ ಅವನು ಪೊಲೀಸರ ಮಾತು ಬಿಟ್ಟ, ಕುಡಗೋಲು ಕೊಡಲಿಲ್ಲ. ಹೊಳೆವ್ವ ಕೊಯ್ದಿದ್ದ ತೆನೆಗಳನ್ನು ಅಲ್ಲೇ ಸುರುವಿ, ಖಾಲಿ ಸೀರೆ ಸೆರಗನ್ನು ಎಲ್ಲರೆದುರು ಝಾಡಿಸಿ ತೋರಿಸಿ ಹೋದಳು.

ನಾನು ಮನೆಗೆ ಬಂದು ಕೂಗಾಡಿದೆ. ನನ್ನ ಹೆಂಡತಿ ಮಾರ್ತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೊಲದಾಗ ಬಾಯಿ ಮುಚ್ಕೊಂಡು ನಿಂತು, ನನ್ನ ಹಂಚಿನ ಮುಂದ ಬಂದು ಕೂಗಿದ್ರ ಏನ್ ಬಂತು? ಹಂಚು ಕಳ್ಳಿ ಅಂದೈತೇನು ಆಕೀನ?"

ಮರುದಿನ ಗುಡಿ ತುಂಬಿತ್ತು. ಕುಂಬಳ, ಬದನೆ, ಕೋಳಿ, ಕಬ್ಬಿನ ಜಲ್ಲೆ ಎಲ್ಲ ಬಂದಿದ್ದವು. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಲಿಲಾವು ಕೂಗಿ ಹರಾಜು ಹಾಕುವುದು ರೂಢಿ. ಎರಡೂ ಕಂಬಗಳಿಗೆ ಜೋಳದ ತೆನೆಗಳನ್ನು ದಪ್ಪಗೆ ಸುತ್ತಿ ಕಟ್ಟಿದ್ದರು. ಖರೆ ಹೇಳಬೇಕೆಂದರೆ ಚೆಂದವೇ ಕಾಣುತ್ತಿತ್ತು.

ಪಾಸ್ಟರ್ ಸತ್ಯವೇದ ತೆರೆದು ಓದಿದ್ದು ಯಾವ ಭಾಗ ಅಂತೀರಿ? ಕೊಯ್ಯುವಾಗ ಹೊಲದ ಮೂಲೆಗಳನ್ನು ಬಿಡು, ಉದುರಿದ್ದನ್ನು ಆಯಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ದೇವರು ಮೋಶೆಗೆ ಹೇಳಿದ ಮಾತು. ಪ್ರತಿ ಸುಗ್ಗಿಗೂ ಓದುವುದೇ ಅದು. ಮೂಲೆ ಎಂದರೆ ನಮ್ಮ ಹೃದಯದ ಮೂಲೆ, ಅಲ್ಲಿ ದೇವರಿಗೆ ಜಾಗ ಇರಬೇಕು ಎಂದು ಪಾಸ್ಟರ್ ಬಿಡಿಸಿ ಹೇಳಿದರು. ಸತ್ಯಮಿತ್ರ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.

ಹೃದಯದ ಮೂಲೆಯಲ್ಲಿ ಜೋಳ ಬೆಳೆಯುತ್ತದೆಯೇ? ಅಲ್ಲಿಂದ ಕೊಯ್ದು ತಂದು ಯಾರಾದರೂ ರೊಟ್ಟಿ ಬಡಿದಾರೆಯೇ? ದೇವರು ಹೊಲ ಎಂದರೆ ಹೊಲ, ತೆನೆ ಎಂದರೆ ತೆನೆ. ಅದೇ ತೆನೆ ಓದುವವರ ತಲೆಯ ಮೇಲೆ ತೂಗುತ್ತಿದೆ, ಒಬ್ಬರಿಗೂ ಕಾಣುತ್ತಿಲ್ಲ!

ನನಗೆ ಕೂಡಲು ಆಗಲಿಲ್ಲ. ಕಾಣಿಕೆಯ ಹಾಡು ಶುರುವಾದಾಗ ಎದ್ದು ಬರಿಗೈಯಲ್ಲಿ ಮುಂದೆ ಹೋಗಿ ಕಂಬದ ಹುರಿ ಬಿಚ್ಚತೊಡಗಿದೆ.

ಹಾಡು ನಿಂತಿತು. "ಏ ಕಾಕಾ, ಏನ್ ಮಾಡಾಕತ್ತೀರಿ?" ಎಂದು ಸತ್ಯಮಿತ್ರ ಓಡಿಬಂದ. "ದೇವರಿಗೆ ಕೊಟ್ಟದ್ದ ತಿರುಗಿ ತಗೋತೀರಾ?"

"ನೀ ಕೊಟ್ಟಿಲ್ಲೋ. ಬಡವರ ಪಾಲು ಕದ್ದು ತಂದು ದೇವರ ಕೊರಳಿಗೆ ಕಟ್ಟೀದಿ. ದೇವರನ್ನೂ ಕಳ್ಳನ್ನ ಮಾಡೀದಿ."

"ನೋಡ್ರಿ ಪಾಸ್ಟರ್, ನನ್ನ ಗುಡ್ಯಾಗ ನನ್ನ ಕಳ್ಳ ಅಂತಾರ!"

"ನಿನ್ನೆ ಆಕೀಗೆ ಅಂದಾಗ ಸಿಹಿ ಇತ್ತೇನು?" ಹಿಂದಿನಿಂದ ಮಾರ್ತವ್ವ ಕೇಳಿದಳು. ಅವಳು ಆಗಲೇ ಎರಡನೇ ಕಂಬಕ್ಕೆ ಕೈ ಹಾಕಿದ್ದಳು.

ಪಾಸ್ಟರ್ ಮೆಲ್ಲಗೆ, "ಕಾಕಾ, ಆರಾಧನಿ ಮುಗೀಲಿ, ಆಮ್ಯಾಲೆ ಕೂತು ಮಾತಾಡೂಣು," ಎಂದರು.

"ಆರಾಧನಿ ಈಗರೆ ಶುರು ಆಗೇತ್ರಿ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ.

ತೆನೆಗಳನ್ನು ಧೋತರದ ಚುಂಗಿನಲ್ಲಿ, ಸೆರಗಿನಲ್ಲಿ ಕಟ್ಟಿಕೊಂಡು ನಾವಿಬ್ಬರೂ ಹೊಳೆವ್ವನ ಮನೆಗೆ ನಡೆದೆವು. ನಾಲ್ಕಾರು ಹೆಂಗಸರು ಹಿಂದೆ ಬಂದರು. ಅವಳು ಕಟ್ಟೆಯ ಮೇಲೆ ಅತ್ತೆಗೆ ಅಂಬಲಿ ಕುಡಿಸುತ್ತಿದ್ದಳು. ನಾವು ತೆನೆ ಸುರುವಿದೆವು. ಅವಳು ತಿರುಗಿ ನೋಡಲಿಲ್ಲ.

"ಇವ್ನ ಎತ್ಕೊಂಡು ಹೋಗ್ರಿ ಅಣ್ಣಾ. ನಾ ಬೇಡಾಕ ಬಂದಿದ್ದಿಲ್ಲ. ನನ್ನ ಕೈಲೆ ಕೊಯ್ಕೊಳ್ಳಾಕ ಬಂದಿದ್ದೆ. ನನ್ನ ಕುಡಗೋಲು ಎಲ್ಲಿ ಐತಿ? ಕಳ್ಳಿ ಅಂದ ಆ ಬಾಯಿ ಎಲ್ಲಿ ಐತಿ?"

ನನ್ನ ಸಿಟ್ಟು ಒಮ್ಮೆಲೇ ನನ್ನ ಕಡೆಗೇ ತಿರುಗಿತು. ನಾನೂ ಮೂಟೆ ಹೊತ್ತು ತಂದು ದಾನ ಮಾಡಲು ನಿಂತಿದ್ದೆನಲ್ಲ! ತೆನೆಗಳನ್ನು ಮತ್ತೆ ಕಟ್ಟಿ, ಗುಡಿಯ ಮೆಟ್ಟಿಲಿಗೆ ಬಂದು ಕೂತೆ. ಒಳಗೆ ಲಿಲಾವು ಶುರುವಾಗುವುದರಲ್ಲಿತ್ತು. ಕುಡಗೋಲನ್ನು ಕಸಿದುಕೊಂಡವನೇ ಹೋಗಿ ಕೊಡುವ ತನಕ ಒಂದು ಬದನೆಕಾಯಿಯೂ ನನ್ನನ್ನು ದಾಟಿ ಹೋಗುವುದಿಲ್ಲ ಎಂದೆ. ಮಾರ್ತವ್ವ ಪಕ್ಕದಲ್ಲಿ ಕೂತಳು. ಆ ಹೆಂಗಸರೂ ಕೂತರು.

ಒಳಗೆ ಬಹಳ ಹೊತ್ತು ಗುಸುಗುಸು ನಡೆಯಿತು. ಕಡೆಗೆ ಪಾಸ್ಟರ್ ಹೊರಗೆ ಬಂದರು. ಅವರ ಮುಖ ಬಾಡಿತ್ತು. "ನಡೀರಿ ಸತ್ಯಮಿತ್ರ, ನಾನೂ ಬರ್ತೇನಿ. ತಪ್ಪು ಓದಿದವ ನಾನು," ಎಂದರು.

ಹೊಳೆವ್ವನ ಮನೆಯ ಮುಂದೆ ಓಣಿಯೆಲ್ಲ ನೆರೆದಿತ್ತು. ಸತ್ಯಮಿತ್ರ ಕುಡಗೋಲನ್ನು ಕಟ್ಟೆಯ ಮೇಲಿಟ್ಟು ತಿರುಗಿದ.

"ಬಾಯಿ ಮನ್ಯಾಗ ಇಟ್ಟು ಬಂದಿಯೇನೋ ತಮ್ಮಾ?"

ಅವನು ನೆಲ ನೋಡಿಕೊಂಡು, "ಕಳ್ಳಿ ಅಂದದ್ದು ತಪ್ಪಾತು," ಎಂದ.

"ನಿನ್ನೆ ಬಸ್‌ಸ್ಟ್ಯಾಂಡಿಗೆ ಕೇಳೂಹಂಗ ಅಂದಿದ್ದಿ."

ಕಣ್ಣು ಕಾಣದ ಮುದುಕಿ ಕಿವಿಗೆ ಕೈ ಹಚ್ಚಿ, "ಯಾರದು, ಏನಂತಾನ?" ಎಂದಳು. ಸತ್ಯಮಿತ್ರನ ಕೊರಳ ನರ ಉಬ್ಬಿತು. ಅವನು ಮೇಲೆ ನೋಡಿ, ಓಣಿಯ ಆ ತುದಿಗೂ ಮುಟ್ಟುವಂತೆ ಕೂಗಿ ಹೇಳಿದ: "ಹೊಳೆವ್ವ ಕಳ್ಳಿ ಅಲ್ಲ! ಮೂಲಿ ಆಕೀದು!"

ಹೊಳೆವ್ವ ಕುಡಗೋಲಿನ ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಎದ್ದು, ದೇವರ ಹೊಲದಲ್ಲಿ ಇನ್ನೂ ನಿಂತಿದ್ದ ಪೈರಿನ ಕಡೆಗೆ ಹೊರಟಳು. ಜನ ಅವಳ ಹಿಂದೆ ಹೊರಟಿದ್ದರು. ನಾನು ಅಡ್ಡ ನಿಂತು ಎಲ್ಲರನ್ನೂ ಬೇರೆ ದಾರಿಗೆ ತಿರುಗಿಸಿದೆ, ಪಾಸ್ಟರನ್ನೂ ಕೂಡ.