ಎಡೆಗೆ ಇಟ್ಟ ವಿಮಾನ

ನನ್ನ ತಮ್ಮ ಹೊನ್ನಯ್ಯ ತೀರಿಕೊಂಡ ಮೇಲೆ ಬಂದ ಮೊದಲನೇ ಪಿತೃಪಕ್ಷ ಅದು. ಎಡೆಗೆ ಏನೇನು ಇಡಬೇಕು ಎಂದು ಮಂಡ್ಯದ ಗುತ್ತಲಿನ ಅವನ ಮನೆಯಲ್ಲಿ ಮಾತು ಬಂತು. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಅವರ ಪಟದ ಮುಂದೆ ಇಡುವುದು ನಮ್ಮಲ್ಲಿ ವಾಡಿಕೆ. ನಮ್ಮಪ್ಪನಿಗೆ ಬೀಡಿ ಕಟ್ಟು ಇಡುತ್ತೇವೆ, ನಮ್ಮವ್ವನಿಗೆ ಎಲೆ ಅಡಿಕೆ ಹೊಗೆಸೊಪ್ಪು. ಹೊನ್ನಯ್ಯನಿಗೆ ತಲೆಮಾಂಸದ ಸಾರು, ಮುದ್ದೆ, ಕಜ್ಜಾಯ, ಮಿಲಿಟರಿ ಕ್ಯಾಂಟೀನಿನ ರಮ್ಮು ಎಂದು ಅವನ ಹೆಂಡತಿ ಪುಟ್ಟಮಾದಮ್ಮ ಹೇಳುತ್ತಾ ಹೋದಳು. ಆಗ ಅವನ ಮಗಳು ಶಶಿರೇಖಾ, ವಿಮಾನವನ್ನೂ ಇಡೋಣ ಎಂದಳು.

ಪುಟ್ಟಮಾದಮ್ಮ ನನ್ನ ಕಡೆ ತಿರುಗಿದಳು. “ಕೇಳುದ್ರಾ ಬಾವ. ಅದು ಪೂರಾ ಆಗೇ ಇಲ್ಲ. ಅರ್ದಂಬರ್ದದ್ದ ಎಡೆಗಿಟ್ರೆ ನಿಮ್ ತಮ್ಮ ಪಟದಿಂದ ಎದ್ ಬಂದು ಬಯ್ದಾನು.”

“ಪೂರಾ ಮಾಡ್ತೀನಿ ಕಣವ್ವ. ಅಪ್ಪ ಹೆಂಗಿರ್ಬೇಕು ಅಂತಿದ್ರೋ ಹಂಗೇ ಮಾಡ್ತೀನಿ” ಎಂದಳು ಶಶಿರೇಖಾ.

ಹೊನ್ನಯ್ಯ ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಇದ್ದವನು. ಹಾರಿಸುವವನಲ್ಲ, ರಿಪೇರಿಯವನು. ಮಿಗ್ ಇಪ್ಪತ್ತೊಂದು ಎನ್ನುವ ಯುದ್ಧ ವಿಮಾನದ ಮೈತಗಡು ನೋಡಿಕೊಳ್ಳುವುದು ಅವನ ಕೆಲಸ. ಬಿಟ್ಟು ಬಂದ ಮೇಲೆ ಮಂಡ್ಯದಲ್ಲಿ ಬ್ಯಾಂಕಿನ ಗಾರ್ಡ್ ಆಗಿದ್ದ. ಅಲ್ಲಿ ಉತ್ತರದ ಗಡಿ ಕಡೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಚಳಿ ಇತ್ತು ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿಗೆ ಅವನ ಬಾಯಿಂದ ಹೊರಟಿದ್ದನ್ನು ನಾನು ಕೇಳಿಲ್ಲ.

ಅವನು ಗಾರ್ಡ್ ಕೆಲಸವನ್ನೂ ಬಿಟ್ಟು ಮನೆಯಲ್ಲಿ ಕೂತಾಗ ಶಶಿರೇಖಾ ಫೋನಿನಲ್ಲಿ ಹುಡುಕಿ ಒಂದು ಡಬ್ಬ ತರಿಸಿದಳು. ಒಳಗೆ ಅದೇ ವಿಮಾನ, ಪ್ಲಾಸ್ಟಿಕ್ಕಿನದು, ಬಿಡಿಬಿಡಿ ಚೂರುಗಳಾಗಿ. ಅಂಟು ಹಾಕಿ ಜೋಡಿಸಿ ಬಣ್ಣ ಬಳಿದರೆ ಮೊಳಕ್ಕೆ ಒಂದಿಷ್ಟು ಕಡಿಮೆ ಉದ್ದದ ವಿಮಾನ ಆಗುತ್ತದೆ. ಅಪ್ಪ ಕುಣಿದಾಡುತ್ತಾರೆ ಎಂದುಕೊಂಡಿದ್ದಳು. ಅವನು ಚೂರುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಆಮೇಲೆ, “ಚೆಂದಾಗೈತೆ ಕಣವ್ವ. ಬೆನ್ನು ಒಂದ್ಸೊಲ್ಪ ದಪ್ಪ” ಎಂದ.

ವಿಷಯ ಏನೆಂದರೆ, ಅದೇ ಹೆಸರಿನ ವಿಮಾನದಲ್ಲೇ ಹಳೆಯದು ಹೊಸದು ಎಂದು ಬೇರೆ ಬೇರೆ ಇವೆಯಂತೆ. ಡಬ್ಬದಲ್ಲಿ ಬಂದದ್ದು ಆಮೇಲಿನ ಕಾಲದ್ದು. ಇವನು ಕೈಯಾಡಿಸಿದ ವಿಮಾನದ ಬೆನ್ನು ಸಣ್ಣಗಿತ್ತಂತೆ. ಮೂಗಿನ ಮುಂದೆ ಚಾಚಿಕೊಂಡ ಉದ್ದನೆಯ ಕಡ್ಡಿ ನೆತ್ತಿಯ ಮೇಲೆ ನಟ್ಟ ನಡುವೆ ಇತ್ತಂತೆ. ಡಬ್ಬದ್ದರಲ್ಲಿ ಅದು ಬಲಕ್ಕೆ ಸರಿದಿತ್ತು. ವಾಪಸ್ಸು ಕಳಿಸಿ ಬೇರೆ ತರಿಸುತ್ತೇನೆ ಎಂದಳು ಮಗಳು. ಬೇಡ, ನಾನೇ ಸರಿ ಮಾಡಿಕೊಳ್ಳುತ್ತೇನೆ ಎಂದ ಅವನು.

ಅವತ್ತಿನಿಂದ ಶುರುವಾಯಿತು ಕೆರೆಯುವುದು. ನಾನು ಮಾತ್ರೆ ಬರೆಸಿಕೊಳ್ಳಲು ಮದ್ದೂರಿಂದ ಬಸ್ಸು ಹತ್ತಿ ಮಂಡ್ಯಕ್ಕೆ ಬಂದಾಗಲೆಲ್ಲ ಅವನ ಪಕ್ಕ ಕೂರುತ್ತಿದ್ದೆ. ಅವನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅರದಲ್ಲಿ ಆ ಬೆನ್ನನ್ನು ಉಜ್ಜುವನು, ಉಪ್ಪುಕಾಗದ ಹಾಕುವನು, ಕಣ್ಣ ಮಟ್ಟಕ್ಕೆ ಎತ್ತಿ ನೋಡುವನು, ಮತ್ತೆ ಉಜ್ಜುವನು. ಬೆಳಗಿನಿಂದ ಸಂಜೆವರೆಗೆ ಉಜ್ಜಿದರೂ ಮೂಗಿಗೆ ಏರಿಸುವ ನಶ್ಯದಷ್ಟು ಪುಡಿ ಬೀಳುತ್ತಿತ್ತು. ಇಬ್ಬರಿಗೂ ಮಾತು ಬೇಕಾಗುತ್ತಿರಲಿಲ್ಲ. ಶಶಿರೇಖಾಗೆ ಕೆಲಸ ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ. ಬೀಜ ಅಳೆಯುವುದು, ತೂಗುವುದು, ಮೊಳಕೆ ನೋಡುವುದು. ಸಂಜೆ ಬಂದವಳು ಬ್ಯಾಗು ಇಳಿಸುತ್ತಾ, ಅದನ್ನು ಯಾರು ನೋಡುತ್ತಾರೆ ಅಪ್ಪ, ಬಣ್ಣ ಬಳಿದು ಶೋಕೇಸಿನಲ್ಲಿ ಇಡಿ ಎನ್ನುವಳು. ನೋಡೋರು ನೋಡ್ತಾರೆ ಬುಡವ್ವ ಎಂದಷ್ಟೇ ಅವನ ಉತ್ತರ.

ತಾನು ತಂದದ್ದರಲ್ಲಿ ಅಪ್ಪ ತಪ್ಪು ಹುಡುಕುತ್ತಾ ಕೂತಿದ್ದಾರೆ ಎಂದು ಅವಳಿಗೆ ಒಳಗೊಳಗೇ ಬೇಜಾರಿತ್ತು. ನನ್ನ ಹತ್ತಿರ ಒಂದು ಸಲ ಹೇಳಿಕೊಂಡಿದ್ದಳು. ಅವಳು ಪಕ್ಕದಲ್ಲಿ ಕೂತು ನೋಡಲಿಲ್ಲ, ಅವನು ಕರೆಯಲಿಲ್ಲ. ಪುಷ್ಯ ಮಾಸದ ಚಳಿಯಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ವಿಮಾನ ಕಿಟಕಿಯಲ್ಲೇ ಉಳಿಯಿತು, ರೆಕ್ಕೆ ಕೂಡಿಸಿದ್ದ, ಬಣ್ಣ ಬಳಿದಿರಲಿಲ್ಲ.

ಅದನ್ನು ಮುಗಿಸಲು ಅವಳು ಕೆಲಸಕ್ಕೆ ರಜ ಹಾಕಿದಳು. ನೀವೂ ಇರಿ ದೊಡ್ಡಪ್ಪ, ನೀವು ನೋಡಿದ್ದೀರಲ್ಲ ಎಂದು ನನ್ನನ್ನು ಉಳಿಸಿಕೊಂಡಳು. ಹಳೆಯ ಮಾದರಿಯ ನಕ್ಷೆಯನ್ನು ಫೋನಿನಲ್ಲಿ ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ವಿಮಾನದ ಅಳತೆಗೇ ತೆಗೆಸಿ, ಹಾಸಿ, ಅದರ ಮೇಲೆ ವಿಮಾನ ಇಟ್ಟು ನೋಡಿದಳು. ಇನ್ನೊಂದು ಸಲ ಇಟ್ಟು ನೋಡಿದಳು. ಅಪ್ಪ ಕೆರೆದ ಬೆನ್ನು ನಕ್ಷೆಯ ಗೆರೆಗೆ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಹತ್ತಿರ ನಕ್ಷೆ ಇರಲಿಲ್ಲ, ಇದ್ದದ್ದು ಕೈಯ ನೆನಪು.

“ಎಷ್ಟ್ ಸರಿಯಾಗಿ ಮಾಡವ್ರೆ ನೋಡಿ ದೊಡ್ಡಪ್ಪ” ಎಂದಳು. ಆ ದನಿಯಲ್ಲಿ ಅವಳು ಅಪ್ಪನ ಮಾತು ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಉಳಿದದ್ದನ್ನು ಅವಳೂ ಹಾಗೇ ಮಾಡಬೇಕೆಂದು ಕೂತಳು. ಕಡ್ಡಿಗೆಂದು ಮೂಗಿನ ಬಲಗಡೆ ಇದ್ದ ತೂತಿಗೆ ಪುಟ್ಟಿ ಮೆತ್ತಿ ಮುಚ್ಚಿ, ನಡುನೆತ್ತಿಯಲ್ಲಿ ಹೊಸ ತೂತು ಕೊರೆದಳು. ಕಡ್ಡಿಗೆ ಬೇರೇನೂ ಸಣ್ಣದು ಸಿಗದೆ ಹೊನ್ನಯ್ಯ ಸಕ್ಕರೆ ಕಾಯಿಲೆಗೆ ಚುಚ್ಚಿಕೊಳ್ಳುತ್ತಿದ್ದ ಇಂಜೆಕ್ಷನ್ನಿನ ಸೂಜಿಯನ್ನೇ ಇಟ್ಟಳು. ನಾನು ಟಾರ್ಚು ಹಿಡಿಯುತ್ತಿದ್ದೆ. ಹೊಟ್ಟೆಯ ಕಡೆ ಎಲ್ಲವನ್ನೂ ನಕ್ಷೆಗೆ ಹಿಡಿದು ನೋಡುವಾಗ ಎಡರೆಕ್ಕೆಯ ಬುಡದಲ್ಲಿ ಅವಳ ಬೆರಳು ನಿಂತಿತು. ಅಲ್ಲಿ ಸಣ್ಣದೊಂದು ಉಬ್ಬು. ಮಾತ್ರೆಯ ಹಾಳೆಯ ಬೆಳ್ಳಿ ಚೂರು, ಅಂಟಿನಲ್ಲಿ ಮೆತ್ತಿಕೊಂಡಿತ್ತು. ಒಂದು ಅಂಚು ಸೊಟ್ಟ. ಮೇಲೆಲ್ಲ ಚುಕ್ಕಿ ಚುಕ್ಕಿ.

ನಕ್ಷೆಯಲ್ಲಿ ಅದು ಇರಲಿಲ್ಲ. ಫೋನಿನ ಫೋಟೋಗಳಲ್ಲೂ ಹುಡುಕಿದಳು, ಯಾವ ವಿಮಾನಕ್ಕೂ ಇರಲಿಲ್ಲ. ಇದೇನು ಎಂದು ನನಗೆ ತೋರಿಸಿದಳು. ಅಂಟು ಚೆಲ್ಲಿದಾಗ ಮೇಜಿನ ಮೇಲಿದ್ದ ಚೂರು ಹಿಡಿದುಕೊಂಡಿದೆ ಎಂದೇ ನನಗೂ ಕಂಡಿತು. ಕೊನೆಕೊನೆಗೆ ಅವನ ಕೈ ನಡುಗುತ್ತಿತ್ತು, ಮಾತ್ರೆ ಹಾಳೆಗಳು ಯಾವಾಗಲೂ ಮೇಜಿನ ಮೇಲೇ ಬಿದ್ದಿರುತ್ತಿದ್ದವು.

“ಪಾಪ, ಕಣ್ಣೂ ಕಾಣ್ತಿರ್ಲಿಲ್ಲ ಅವ್ರಿಗೆ” ಎಂದಳು. ಉಪ್ಪುಕಾಗದ ನೀರಿನಲ್ಲಿ ಅದ್ದಿ, ಮಗುವಿನ ಮೈ ತೊಳೆಯುವ ಹಾಗೆ ಮೆಲ್ಲಗೆ ಉಜ್ಜಿದಳು. ಉಗುರು ಆಡಿಸಿದರೂ ಸಿಗದಷ್ಟು ನುಣ್ಣಗಾಯಿತು. ಆಮೇಲೆ ಬೆಳ್ಳಿ ಬಣ್ಣ ಹೊಡೆದು, ದೂಳು ಕೂರದ ಹಾಗೆ ಬಿದಿರ ಮಂಕರಿ ಮುಚ್ಚಿ ತಾರಸಿಯಲ್ಲಿ ಒಣಗಿಸಿದಳು. ತಂದು ಪಟದ ಮುಂದೆ ಇಟ್ಟಾಗ ಪುಟ್ಟಮಾದಮ್ಮ ಕೂಡ ಸೆರಗಿಗೆ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿದಳು.

ಅಮಾವಾಸ್ಯೆಯ ದಿನ ಮಳವಳ್ಳಿಯಿಂದ ಮಾದಯ್ಯ ಬಂದ. ಹೊನ್ನಯ್ಯನ ಜೊತೆ ಅದೇ ವಿಮಾನದ ಕೆಳಗೆ ಮಲಗಿ ಕೆಲಸ ಮಾಡಿದವನು. ನೀವು ಬಂದು ನೋಡಿ ಹೇಳಬೇಕು ಎಂದು ಶಶಿರೇಖಾಳೇ ಫೋನು ಮಾಡಿ ಕರೆದಿದ್ದಳು. ಪ್ರೈವೇಟ್ ಬಸ್ಸಿನ ನೂಕಿನಲ್ಲಿ ಅವನು ತಂದ ಸೇವಂತಿಗೆ ಹಾರ ಅರ್ಧ ಉದುರಿಹೋಗಿತ್ತು. ಒಳಗೆ ಬಂದವನೇ ಪಟದ ಮುಂದೆ ನಿಂತು, “ಲೇ ಹೊನ್ನ, ಅಂತೂ ಮುಗಿಸ್ದಲ್ಲ ಕಣ್ಲಾ. ನಾನು ಸಾಯೋವರ್ಗೂ ಕೆರೀತಾನೇ ಇರ್ತೀಯ ಅನ್ಕಂಡಿದ್ದೆ” ಎಂದ. ಆಮೇಲೆ ಮೂಗಿಗೆ ಕನ್ನಡಕ ಏರಿಸಿ ವಿಮಾನ ಎತ್ತಿಕೊಂಡ.

ಶಶಿರೇಖಾ ಅವನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು.

ಬೆನ್ನು ಸರಿಯಿದೆ ಎಂದ ಮಾದಯ್ಯ. ಕಡ್ಡಿಯೂ ನಡುವೆಯೇ ಇದೆ ಎಂದ. ಅವಳ ಮುಖ ಅರಳಿತು. ಅವನು ವಿಮಾನವನ್ನು ಮಗುಚಿ, ಎಡರೆಕ್ಕೆಯ ಬುಡದಲ್ಲಿ ಹೆಬ್ಬೆರಳು ಆಡಿಸಿದ. ಇನ್ನೊಂದು ಸಲ ಆಡಿಸಿದ.

“ತೇಪೆ ಎಲ್ಲವ್ವ?” ಎಂದ.

“ಯಾವ ತೇಪೆ ಮಾವ?”

“ಅದೇ ಕಣವ್ವ, ನಿಮ್ಮಪ್ಪನ ತೇಪೆ. ಹಾಕಿವ್ನಿ ಕಣ್ಲಾ, ಮಾತ್ರೆ ಹಾಳೇಲಿ, ಸೂಜೀಲಿ ರಿವೀಟ್ ಮೊಳೆ ಚುಕ್ಕೀನೂ ಚುಚ್ಚಿವ್ನಿ ಅಂತ ಪೋನಲ್ಲಿ ಯೋಳಿದ್ದ.”

ಪುಟ್ಟಮಾದಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆ ಬಾಗಿಲಿಗೆ ಬಂದಳು. ಅದನ್ನು ಉಜ್ಜಿ ಹಾಕಿದ್ದು ಮಾದಯ್ಯನಿಗೆ ಇನ್ನೂ ಗೊತ್ತಾಗಿರಲಿಲ್ಲ, ಖುಷಿಯಲ್ಲೇ ಹೇಳುತ್ತಾ ಹೋದ. ಅವರು ನೋಡಿಕೊಳ್ಳುತ್ತಿದ್ದ ಒಂದು ವಿಮಾನಕ್ಕೆ ಇಳಿಯುವಾಗ ಹದ್ದು ಬಡಿದು ರೆಕ್ಕೆಯ ಬುಡದಲ್ಲಿ ತಗಡು ಹರಿದಿತ್ತಂತೆ. ಫ್ಯಾಕ್ಟರಿಗೆ ಕಳಿಸಲು ವೇಳೆ ಇರಲಿಲ್ಲ. ಹೊನ್ನಯ್ಯ ಅಂಗಾತ ಮಲಗಿ ತಾನೇ ತಗಡು ಕತ್ತರಿಸಿ ತೇಪೆ ಹಾಕಿದನಂತೆ. ಒಂದು ಅಂಚು ಸೊಟ್ಟ ಬಂತು. ಕಿತ್ತು ಮತ್ತೆ ಹಾಕುತ್ತೇನೆ ಎಂದು ಅವನು ಹಟ ಹಿಡಿದರೆ, ದೊಡ್ಡ ಸಾಹೇಬರು ಹಾಗೇ ಇರಲಿ ಬಿಡು ಎಂದರಂತೆ. ಆ ತೇಪೆಯಲ್ಲೇ ಅದು ಎಷ್ಟೋ ವರ್ಷ ಹಾರಿತು. ಹಾರಿಸುವ ಹುಡುಗರು ಹತ್ತುವುದಕ್ಕೆ ಮುಂಚೆ ಅದನ್ನೊಂದು ಸಲ ಸವರಿ ಹತ್ತುತ್ತಿದ್ದರಂತೆ.

“ನೀನು ಹುಟ್ಟಿದ ತಂತಿ ಬಂದಿದ್ದೇ ಅವತ್ತು ಕಣವ್ವ. ರಜ ಮಂಜೂರಾಗಿತ್ತು. ಇದೊಂದ್ ತೇಪೆ ಮುಗಿಸ್ಬುಟ್ಟು ಒಂಟೋಯ್ತೀನಿ ಅಂತ ಕೂತ. ಮುಗಿಸೋ ಒತ್ಗೆ ಗಡೀಲಿ ಗಲಾಟೆ ಅಂತ ಎಲ್ಲಾರ್ ರಜಾನೂ ನಿಲ್ಲಿಸ್ಬುಟ್ರು.”

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಒಂದೇ: ಮಗಳು ಹುಟ್ಟಿದಾಗ ಹೊನ್ನಯ್ಯ ಬರಲಿಲ್ಲ. ಅವನು ಬಾಣಂತಿ ಮನೆಗೆ ಕಾಲಿಡುವ ಹೊತ್ತಿಗೆ ಕೂಸು ಅಂಬೆಗಾಲು ಹಾಕುತ್ತಿತ್ತು. ಹೆಣ್ಣಾಯಿತು ಅಂತ ಬರಲಿಲ್ಲ ಎಂದು ಹೆಂಡತಿಯ ತೌರಿನವರು ಮುಖದ ಮೇಲೆಯೇ ಅಂದರು. ನಾನು ಅಲ್ಲೇ ಜಗಲಿಯ ಮೇಲಿದ್ದೆ. ಅವನು ತಲೆ ಬಗ್ಗಿಸಿಕೊಂಡು ಕಾಫಿ ಕುಡಿದ. ಗಂಡ ಹೆಂಡತಿ ಜಗಳವಾಡಿದಾಗಲೆಲ್ಲ ಪುಟ್ಟಮಾದಮ್ಮ ಅದನ್ನೇ ಎತ್ತುತ್ತಿದ್ದಳು. ಶಶಿರೇಖಾ ಬೆಳೆದದ್ದು ಆ ಮಾತು ಕೇಳಿಕೊಂಡೇ. ಒಂದು ಸಲವಾದರೂ ಅವನು ಹೀಗೆ ಹೀಗಾಯಿತು ಎಂದು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಅವನಿಗೆ ಗೊತ್ತಿದ್ದ ಬಗೆಯಲ್ಲಿ, ಅವಳು ತಂದುಕೊಟ್ಟ ವಿಮಾನದ ಹೊಟ್ಟೆಯ ಮೇಲೆ, ಅಂಟು ಹಾಕಿ ಹೇಳಿದ್ದ.

ನಾನೇ ಉಜ್ಜಿಬಿಟ್ಟೆ ಮಾವ, ಅಂಟು ಚೆಲ್ಲಿದೆ ಅಂದುಕೊಂಡೆ ಎಂದಳು ಶಶಿರೇಖಾ. ಮಾದಯ್ಯ ವಿಮಾನವನ್ನು ಕೆಳಗಿಟ್ಟು ಕನ್ನಡಕ ತೆಗೆದ.

ಅವಳು ಓಡಿಹೋಗಿ ಬೀರುವಿನಿಂದ ಮಾತ್ರೆ ಹಾಳೆ, ಕತ್ತರಿ, ಸೂಜಿ ತಂದಳು. ಎಷ್ಟು ಅಗಲ ಇತ್ತು, ಎಲ್ಲಿಂದ ಎಲ್ಲಿಗೆ, ಸೊಟ್ಟ ಇದ್ದದ್ದು ಯಾವ ಅಂಚು ಎಂದು ಕೇಳಿದಳು. ಮಾದಯ್ಯ ಎರಡು ಬೆರಳು ಅಗಲಿಸಿ ತೋರಿಸಿದ. ಮತ್ತೆ ಒಂದಿಷ್ಟು ಕಿರಿದು ಮಾಡಿದ. ಎಡಗಡೆ ಅನ್ನುವುದಂತೂ ದಿಟ, ಚಕ್ರದ ಗೂಡಿಗೆ ಮುಂದೆಯೋ ಹಿಂದೆಯೋ ಎನ್ನುವಾಗ ಅವನಿಗೆ ಅನುಮಾನ ಬಂತು. ಸೊಟ್ಟ ಇದ್ದದ್ದು ಯಾವ ಅಂಚು ಎನ್ನುವುದಂತೂ ನೆನಪೇ ಇಲ್ಲ ಎಂದ. ಅವಳು ನನ್ನ ಕಡೆ ನೋಡಿದಳು. ಎಲ್ಲೆಲ್ಲಿಯದೋ ನೆನಪಿದೆ ನನಗೆ. ಅವತ್ತು ಬಾಣಂತಿ ಮನೆಯಲ್ಲಿ ಅವನು ಕಾಫಿ ಕುಡಿದ ಲೋಟದ ಕಂಠ ಸೀಳಿತ್ತು ಅನ್ನುವುದೂ ನೆನಪಿದೆ. ಆದರೆ ಟಾರ್ಚು ಹಿಡಿದು ನಾನು ನೋಡಿದ್ದು ಅಂಟನ್ನು. ತೇಪೆ ಎಂದು ನೋಡಿರಲಿಲ್ಲ. ಫೋನಿನಲ್ಲಿ ಅವಳು ತೆಗೆದಿದ್ದ ಫೋಟೋಗಳೆಲ್ಲ ಬೆನ್ನಿನವು, ಮೂಗಿನವು.

ಇಲ್ಲೇ ಎಲ್ಲೋ ಒಂದು ಕಡೆ ಅಂಟಿಸಮ್ಮ, ಅವನಿಗೆ ಗೊತ್ತಾಗುತ್ತದೆ ಎಂದ ಮಾದಯ್ಯ.

ಅವಳು ಕತ್ತರಿಸಿಟ್ಟುಕೊಂಡಿದ್ದ ಬೆಳ್ಳಿ ಚೂರನ್ನು ಬಹಳ ಹೊತ್ತು ನೋಡಿದಳು. “ಬೇಡ ಮಾವ. ಅಪ್ಪ ಅಂದಾಜಲ್ಲಿ ಏನೂ ಹಾಕ್ಲಿಲ್ಲ” ಎಂದು ಕತ್ತರಿ ಕೆಳಗಿಟ್ಟಳು.

ವಿಮಾನವನ್ನು ಹಾಗೇ ಎಡೆಗೆ ಇಟ್ಟೆವು. ಬಾಳೆಲೆಯ ತುದಿಯಲ್ಲಿ, ರಮ್ಮಿನ ಪಕ್ಕ. ಪುಟ್ಟಮಾದಮ್ಮ ಸಾರು ಬಡಿಸುತ್ತಾ ಪಟದ ಕಡೆ ನೋಡದೆ, “ಒಂದ್ ಮಾತ ಯೋಳಿದ್ರೆ ಬಾಯಿ ಸವ್ದೋಯ್ತಿತ್ತಾ ನಿಂಗೆ” ಎಂದಳು. ಜಗಳದ ದನಿ ಅದು. ಅವನು ಹೋದ ಮೇಲೆ ಇಷ್ಟು ತಿಂಗಳಲ್ಲಿ ಅವಳು ಅವನ ಜೊತೆ ಜಗಳವಾಡಿದ್ದನ್ನು ನಾನು ಕೇಳಿರಲಿಲ್ಲ.

ಗಂಧದಕಡ್ಡಿ ಹಚ್ಚಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಸತ್ತವರು ಬಂದು ಉಣ್ಣುವ ತನಕ ಹೊರಗೆ ಇರಬೇಕು. ಹಿರಿಯರು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುವುದು ಪದ್ಧತಿ. ಮನೆಗೆ ಈಗ ನಾನೇ ಹಿರಿಯ. ವಾಡಿಕೆಯ ಹೊತ್ತು ಆಯಿತು. ಮಾದಯ್ಯ ಜೇಬಿನಿಂದ ಬೀಡಿ ತೆಗೆದು ಮತ್ತೆ ಒಳಗಿಟ್ಟ. ಅವನಿಗೆ ಹಸಿವಾಗಿತ್ತು, ನನಗೂ ಆಗಿತ್ತು. ನಾನು ಎದ್ದು ಗಂಟಲು ಸರಿಮಾಡಿಕೊಂಡೆ.

ಶಶಿರೇಖಾ ಚಿಲಕದ ಮೇಲೆ ಕೈ ಇಟ್ಟಳು.

“ಇನ್ನೊಂದ್ ಚಣ ಇರ್ಲಿ ದೊಡ್ಡಪ್ಪ. ಅವ್ರದ್ದು ನಿಧಾನ. ತಿರುಗ್ಸಿ ನೋಡ್ತಾ ಇರ್ತಾರೆ” ಎಂದಳು.

ನಾನು ಮತ್ತೆ ಕೂತೆ. ಒಳಗೆ ಸಾರು ಆರುತ್ತಿತ್ತು. ಅವಳು ಚಿಲಕದಿಂದ ಕೈ ತೆಗೆಯಲಿಲ್ಲ.